ರವದಿಯಿಂದ ಕರೆಂಟು ಬರುತ್ತದೆಯೇ?

(ವಿಜ್ಞಾನ ಲೇಖನ. ಬರೆದವಳು: ಏಳನೇ ತರಗತಿ ವಿದ್ಯಾರ್ಥಿನಿ)



ಒಲೆಯೊಳಗೆ ಕಟ್ಟಿಗೆ ಉರಿಯುತ್ತದೆ ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಒಂದು ಸಲ ಒಲೆಯ ಮುಂದೆ ಕುಂತು ಸರಿಯಾಗಿ ನೋಡಿರಿ. ಉರಿ ಕಟ್ಟಿಗೆಗೆ ಅಂಟಿಕೊಂಡು ಇರುವುದಿಲ್ಲ. ಕಟ್ಟಿಗೆಗೂ ಉರಿಗೂ ನಡುವೆ ಸಣ್ಣದೊಂದು ಸಂದು ಕಾಣುತ್ತದೆ. ಕೆಲವು ಸಲ ಕಟ್ಟಿಗೆಯ ತುದಿಯಿಂದ ಸುಂಯ್ ಅಂತ ಹೊಗೆ ಚಿಮ್ಮುತ್ತದೆ, ಆ ಹೊಗೆಗೇ ಬೆಂಕಿ ಹತ್ತಿಕೊಳ್ಳುತ್ತದೆ. ಅಂದರೆ ಉರಿಯಾಗಿ ಕಾಣುವುದು ಕಟ್ಟಿಗೆ ಅಲ್ಲ. ಕಟ್ಟಿಗೆ ಕಾದಾಗ ಅದರಿಂದ ಹೊರಗೆ ಬರುವ ಅನಿಲ. ಅನಿಲವೆಲ್ಲ ಹೋದ ಮೇಲೆ ಉಳಿಯುವುದು ಇದ್ದಿಲು. ಇದ್ದಿಲು ಹೆಚ್ಚು ಉರಿ ಇಲ್ಲದೆ ಕೆಂಪಗೆ ಕೆಂಡವಾಗಿ ಸುಡುತ್ತದೆ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಇದೆ. ಮನೆಯಲ್ಲಿ ದೊಡ್ಡವರು ಇರುವಾಗ ಮಾಡಿರಿ. ಮೇಣಬತ್ತಿಯನ್ನು ಸ್ವಲ್ಪ ಹೊತ್ತು ಉರಿಸಿ ಉಫ್ ಅಂತ ಆರಿಸಿ. ಬಿಳಿ ಹೊಗೆಯ ಎಳೆ ಮೇಲಕ್ಕೆ ಹೋಗುತ್ತದೆ. ತಡ ಮಾಡದೆ ಉರಿಯುವ ಕಡ್ಡಿಯನ್ನು ಆ ಹೊಗೆಗೆ ಹಿಡಿಯಿರಿ, ಬತ್ತಿಗೆ ತಾಗಿಸಬೇಡಿ. ಬೆಂಕಿ ಹೊಗೆಯ ಎಳೆ ಹಿಡಿದು ಕೆಳಗೆ ಇಳಿದು ಬತ್ತಿಯನ್ನು ಹೊತ್ತಿಸುತ್ತದೆ! ನಾನು ಇದನ್ನು ಆರು ಸಲ ಮಾಡಿದೆ, ನಾಲ್ಕು ಸಲ ಹತ್ತಿತು.

ಹಾಗಾದರೆ ಬೆಂಕಿಯನ್ನು ಅರ್ಧಕ್ಕೆ ತಡೆದು ಆ ಅನಿಲವನ್ನು ಕೊಳವೆಯಲ್ಲಿ ಹಿಡಿದುಕೊಂಡರೆ ಏನಾಗುತ್ತದೆ? ಅದನ್ನು ಬೇರೆ ಕಡೆ ಒಯ್ದು ಒಲೆ ಹೊತ್ತಿಸಬಹುದು, ಇಂಜಿನ್ ಓಡಿಸಬಹುದು, ಇಂಜಿನ್‌ನಿಂದ ಕರೆಂಟು ತೆಗೆಯಬಹುದು. ಇದಕ್ಕೆ ಅನಿಲೀಕರಣ ಎಂದು ಹೆಸರು. ಇದನ್ನು ಮಾಡುವ ಯಂತ್ರಕ್ಕೆ ಗ್ಯಾಸಿಫೈಯರ್ ಎನ್ನುತ್ತಾರೆ.

ಬೆಂಕಿಯನ್ನು ಅರ್ಧಕ್ಕೆ ತಡೆಯುವುದು ಹೇಗೆ? ಗಾಳಿ ಕಡಿಮೆ ಕೊಟ್ಟು. ಒಂದು ಕಿಲೋ ಒಣ ಕಟ್ಟಿಗೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು. (ಗಾಳಿಗೂ ತೂಕ ಇದೆ, ಮರೆಯಬೇಡಿ.) ಗ್ಯಾಸಿಫೈಯರಿಗೆ ಅದರಲ್ಲಿ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಮಾತ್ರ ಕೊಡುತ್ತಾರೆ. ಉಂಡರೆ ಹೊಟ್ಟೆ ತುಂಬಬಾರದು, ಉಪವಾಸವೂ ಇರಬಾರದು, ಹಂಗ.

ನಾನು ತೆಗೆದ ಚಿತ್ರ ಪಕ್ಕದಲ್ಲಿದೆ, ನೋಡುತ್ತ ಓದಿರಿ. ನೀಲಿ ಬಾಣ ಅಂದರೆ ಗಾಳಿ, ಕೆಂಪು ಬಣ್ಣ ಅಂದರೆ ಕೆಂಡ. ಎತ್ತರದ ಡ್ರಮ್ಮಿನಂಥ ಯಂತ್ರ. ಮೇಲಿನ ಬಾಯಿಯಿಂದ ಕಟ್ಟಿಗೆ ತುಂಡು ಹಾಕುತ್ತಾರೆ. ಅವು ಕೆಳಗೆ ಇಳಿಯುತ್ತ ಮೊದಲು ಒಣಗುತ್ತವೆ, ನೀರಿನ ಅಂಶ ಆವಿಯಾಗುತ್ತದೆ. ಇನ್ನೂ ಕೆಳಗೆ ಬಂದಾಗ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿಂದ ಕಟ್ಟಿಗೆ ಹೊಗೆಯನ್ನೂ ಡಾಂಬರಿನಂಥ ಅಂಟು ಆವಿಯನ್ನೂ ಬಿಟ್ಟು ಇದ್ದಿಲಾಗುತ್ತದೆ. ಅದರ ಕೆಳಗೆ ಗಾಳಿ ಸಿಕ್ಕುವ ಜಾಗ. ಅಲ್ಲಿ ಉರಿ, ಶಾಖ ಸಾವಿರ ಡಿಗ್ರಿಯಷ್ಟು. ಅಲ್ಲಿ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ಇವೆರಡೂ ಉರಿಯುವ ವಸ್ತುಗಳಲ್ಲ. ಇಲ್ಲಿಗೇ ನಿಂತರೆ ನಮಗೆ ಏನೂ ಸಿಗುವುದಿಲ್ಲ.

ಕೊನೆಯ ಹಂತವೇ ನನಗೆ ಬಹಳ ಸೇರಿದ್ದು. ಉರಿಯದ ಈ ಎರಡು ಅನಿಲಗಳು ಕೆಂಪಗೆ ಕಾದ ಇದ್ದಿಲಿನ ಹಾಸಿನ ಮೂಲಕ ಕೆಳಗೆ ಹೋಗಬೇಕು, ಬೇರೆ ದಾರಿ ಇಲ್ಲ. ಬಿಸಿ ಇದ್ದಿಲಿಗೆ ಆಮ್ಲಜನಕದ ಹಸಿವು ಬಹಳ. ಅದು ಇಂಗಾಲದ ಡೈ ಆಕ್ಸೈಡಿನಿಂದ ಅರ್ಧ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ಇಂಗಾಲದ ಮೊನಾಕ್ಸೈಡ್ ಆಗುತ್ತದೆ. ನೀರಾವಿಯಿಂದಲೂ ಕಿತ್ತುಕೊಳ್ಳುತ್ತದೆ, ಆಗ ಜಲಜನಕ ಬಿಡುಗಡೆ ಆಗುತ್ತದೆ. ಈಗ ಬಂದ ಇವೆರಡೂ ಚೆನ್ನಾಗಿ ಉರಿಯುತ್ತವೆ. ಬೆಂಕಿ ಒಮ್ಮೆ ತಿಂದು ಬಿಟ್ಟಿದ್ದನ್ನು ಇದ್ದಿಲು ಮತ್ತೆ ಇಂಧನ ಮಾಡಿ ಕೊಡುತ್ತದೆ. ಅಂಟು ಆವಿಯೂ ಆ ಕೆಂಡದ ಹಾಸಿನಲ್ಲಿ ಬಹಳಷ್ಟು ಒಡೆದು ಹೋಗುತ್ತದೆ.

ಹೀಗೆ ಬಂದ ಅನಿಲಕ್ಕೆ ಪ್ರೊಡ್ಯೂಸರ್ ಗ್ಯಾಸ್ ಎಂದು ಹೆಸರು. 100 ಲೀಟರ್ ತೆಗೆದುಕೊಂಡರೆ ಸುಮಾರು 20 ಲೀಟರ್ ಇಂಗಾಲದ ಮೊನಾಕ್ಸೈಡ್, ಹೆಚ್ಚುಕಡಿಮೆ ಅಷ್ಟೇ ಜಲಜನಕ, ಒಂದೆರಡು ಲೀಟರ್ ಮೀಥೇನ್ ಇರುತ್ತದೆ. ಉಳಿದದ್ದು ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕ. ಸಾರಜನಕವೇ ಅರ್ಧದ ಹತ್ತಿರ ಹತ್ತಿರ. ಅದು ಗಾಳಿಯ ಜೊತೆ ಸುಮ್ಮನೆ ಬಂದ ಬೀಗರ ಹಾಗೆ, ಯಾವ ಕೆಲಸಕ್ಕೂ ಇಲ್ಲ. ಆದ್ದರಿಂದ ಈ ಅನಿಲದ ಶಕ್ತಿ ಕಡಿಮೆ. ಆದರೂ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಒಣ ಕಟ್ಟಿಗೆಯಿಂದ ಒಂದು ಯೂನಿಟ್ ಕರೆಂಟು ತೆಗೆಯಬಹುದು. ಒಂದು ಯೂನಿಟ್ ಅಂದರೆ 10 ವ್ಯಾಟಿನ ಬಲ್ಬು 100 ತಾಸು ಉರಿಯುವಷ್ಟು.

ಇದು ಗೋಬರ್ ಗ್ಯಾಸ್ ಅಲ್ಲವೇ ಎಂದು ನಮ್ಮ ತರಗತಿಯಲ್ಲಿ ಮೂರು ಜನ ಕೇಳಿದರು. ಅಲ್ಲ. ಗೋಬರ್ ಗ್ಯಾಸಿನಲ್ಲಿ ಸೆಗಣಿ ನೀರಿನೊಳಗೆ ಕೊಳೆಯುತ್ತದೆ, ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ, ವಾರಗಟ್ಟಲೆ ಹಿಡಿಯುತ್ತದೆ. ಇಲ್ಲಿ ಕೆಲಸ ಮಾಡುವುದು ಬೆಂಕಿ, ಹಿಡಿಯುವುದು ನಿಮಿಷಗಳು. ಸೆಗಣಿಗೆ ನೀರು ಬೇಕು. ಇದಕ್ಕೆ ನೀರೇ ವೈರಿ.

ಬೆಳಗಾವಿಯಲ್ಲಿ ಡಿಪ್ಲೊಮಾ ಓದುವ ನಮ್ಮ ದೊಡ್ಡಪ್ಪನ ಮಗ ಇದನ್ನು ಎರಡು ಡಬ್ಬಿಯಲ್ಲಿ ಮಾಡಿ ತೋರಿಸಿದ. ರಜೆಯಲ್ಲಿ ಅಪ್ಪನ ಜೊತೆ ಖಾನಾಪುರದಿಂದ ರೈಲಿನಲ್ಲಿ ಹೋಗಿದ್ದೆವು. ಅನಗೋಳದಲ್ಲಿ ಅವನ ಖೋಲಿಯ ಮೇಲೆ ಮಾಳಿಗೆ ಇದೆ, ಅಲ್ಲಿ ಇಟ್ಟ. ಸಣ್ಣ ಡಬ್ಬಿಯ ತಳಕ್ಕೆ ಸಣ್ಣ ತೂತು, ಮೇಲಿನ ಅಂಚಿನ ಸುತ್ತಲೂ ಮತ್ತೊಂದು ಸಾಲು ತೂತು. ಅದನ್ನು ದೊಡ್ಡ ಡಬ್ಬಿಯೊಳಗೆ ಕೂಡಿಸಿದ್ದ. ಗೋವಿನಜೋಳದ ಕಾಳು ಬಿಡಿಸಿ ಉಳಿದ ಬೆಂಡನ್ನು ತುಂಡು ಮಾಡಿ ಅರ್ಧ ಕಿಲೋ ತುಂಬಿದ. ಕೆಳಗಿನಿಂದ ಹೊತ್ತಿಸದೆ ಮೇಲಿನಿಂದ ಹೊತ್ತಿಸಿದ. ಮೊದಲು ಬರೀ ಹೊಗೆ, ಕಣ್ಣು ಬಿಡಲಿಕ್ಕೆ ಆಗಲಿಲ್ಲ. ಆಮೇಲೆ ಒಮ್ಮೆಲೆ ಹೊಗೆ ನಿಂತು ಮೇಲಿನ ತೂತುಗಳಲ್ಲಿ ಸುತ್ತಲೂ ಉರಿ ಬಂತು, ಥೇಟ್ ಗ್ಯಾಸ್ ಒಲೆಯ ಹಾಗೆ.

"ನೋಡ ತಂಗಿ, ಈಗ ಬೆಂಡು ಉರಿಯಾಕತ್ತಿಲ್ಲ, ಬೆಂಡಿನ ಗ್ಯಾಸ್ ಉರಿಯಾಕತ್ತೈತಿ" ಎಂದು ಅಣ್ಣ ಹೇಳಿದ. ಅದರ ಮೇಲೆ ಚಹಾ ಮಾಡಿಕೊಂಡು ಕುಡಿದೆವು. ಉರಿ ಮುಗಿದ ಕೂಡಲೇ ಕೆಂಡದ ಮೇಲೆ ನೀರು ಹಾಕಿ, ಒಣಗಿಸಿ ತೂಗಿದೆವು, 110 ಗ್ರಾಂ ಇದ್ದಿಲು. ಉಳಿದ 390 ಗ್ರಾಂ ನೀರಾವಿ, ಹೊಗೆ ಮತ್ತು ಅನಿಲವಾಗಿ ಹೋಗಿತ್ತು.

ಇಲ್ಲಿ ಒಂದು ಮಾತು ದೊಡ್ಡ ಅಕ್ಷರದಲ್ಲಿ ಬರೆಯಬೇಕಾಗಿದೆ. ಇಂಗಾಲದ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿದರೆ ಮಲಗಿದವರು ಏಳುವುದೇ ಇಲ್ಲ. ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೆಂಡದ ಬುಟ್ಟಿ ಇಟ್ಟು ಮಲಗಬಾರದು ಎನ್ನುವುದು ಇದಕ್ಕೇ. ಡಬ್ಬಿಯ ಪ್ರಯೋಗವನ್ನು ಯಾರೂ ಒಬ್ಬರೇ ಮಾಡಬೇಡಿ, ಮನೆಯೊಳಗಂತೂ ಬೇಡವೇ ಬೇಡ.

ಇದು ಹೊಸ ವಿದ್ಯೆ ಅಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲ್ ಸಿಗುತ್ತಿರಲಿಲ್ಲ. ಆಗ ಯುರೋಪಿನಲ್ಲಿ ಲಕ್ಷಗಟ್ಟಲೆ ಗಾಡಿಗಳು ಕಟ್ಟಿಗೆ ಗ್ಯಾಸಿನಿಂದ ಓಡಿದವು. ನಮ್ಮ ದೇಶದಲ್ಲಿಯೂ ಬಸ್ಸಿನ ಹಿಂದೆ ಡ್ರಮ್ಮು ಕಟ್ಟಿ ಇದ್ದಿಲು ಹಾಕಿ ಓಡಿಸುತ್ತಿದ್ದರು. ಹೊರಡುವ ಮೊದಲು ಒಬ್ಬ ಮನುಷ್ಯ ಹಿಂದೆ ನಿಂತು ಪಂಖದ ಹಿಡಿಕೆ ತಿರುವಬೇಕಿತ್ತಂತೆ. ಏರು ಬಂದರೆ ಜನ ಇಳಿದು ನಡೆಯುತ್ತಿದ್ದರು ಎಂದು ನಮ್ಮ ಅಜ್ಜ ಅವರ ಅಪ್ಪನಿಂದ ಕೇಳಿದ್ದನ್ನು ಹೇಳುತ್ತಾರೆ. ಯುದ್ಧ ಮುಗಿದು ಪೆಟ್ರೋಲ್ ಬಂದ ಕೂಡಲೇ ಎಲ್ಲರೂ ಡ್ರಮ್ಮು ಬಿಚ್ಚಿ ಬಿಸಾಡಿದರು.

ನಮ್ಮ ಕರ್ನಾಟಕದಲ್ಲಿ ಇದನ್ನು ಮತ್ತೆ ಹಿಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ 'ಅಸ್ತ್ರ' ಎಂಬ ವಿಭಾಗ ಶುರು ಮಾಡಿದರು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಎಂದು ನಮ್ಮ ಕಡೆ ಹಿರಿಯರಿಗೆ ಗೊತ್ತಿದೆಯಲ್ಲ, ಅದು ಇವರದೇ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಹೊಸಹಳ್ಳಿ ಎಂಬ ಸಣ್ಣ ಊರಿಗೆ ಕರೆಂಟು ಇರಲಿಲ್ಲ. 1988ರಲ್ಲಿ ಅಲ್ಲಿ 3.7 ಕಿಲೋವ್ಯಾಟಿನ ಗ್ಯಾಸಿಫೈಯರ್ ಹಾಕಿದರು. ಊರಿನ ಪಕ್ಕದಲ್ಲೇ ಗಿಡ ಬೆಳೆಸಿ ಅದರ ಕಟ್ಟಿಗೆ ಬಳಸಿದರು. ಡೀಸೆಲ್ ಇಂಜಿನಿಗೇ ಈ ಅನಿಲ ಕೊಟ್ಟರು. ಹಾಗೆ ಮಾಡಿದರೆ ಡೀಸೆಲ್ ಪೂರ್ತಿ ನಿಲ್ಲುವುದಿಲ್ಲ, ಆದರೆ ಮುಕ್ಕಾಲು ಭಾಗದಷ್ಟು ಉಳಿಯುತ್ತದೆ. ಮನೆಗಳಿಗೆ ದೀಪ ಬಂತು, ಕುಡಿಯುವ ನೀರು ನಳದಲ್ಲಿ ಬಂತು, ಹಿಟ್ಟಿನ ಗಿರಣಿ ತಿರುಗಿತು. ಮುಂದೆ ಅದನ್ನು 20 ಕಿಲೋವ್ಯಾಟಿಗೆ ಏರಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಡೆಯಿತು.

ಅದೇ ಜಿಲ್ಲೆಯ ಕೊರಟಗೆರೆ ತಾಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ ಇನ್ನೂ ದೊಡ್ಡದು, ಒಟ್ಟು 500 ಕಿಲೋವ್ಯಾಟಿನದು ಬಂತು. ಅಲ್ಲಿಂದ ಸರ್ಕಾರದ ತಂತಿಗೇ ಕರೆಂಟು ಕೊಟ್ಟರು. ಹಳ್ಳಿಯೇ ಕರೆಂಟು ಮಾರಿತು ಎಂದು ಓದಿದಾಗ ನನಗೆ ಬಹಳ ಹೆಮ್ಮೆ ಆಯಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ. 500 ಕಿಲೋವ್ಯಾಟ್ ಒಂದು ತಾಸು ಪೂರ್ತಿ ನಡೆದರೆ 500 ಯೂನಿಟ್. ಅದಕ್ಕೆ 500 ಕಿಲೋಗಿಂತ ಹೆಚ್ಚು ಕಟ್ಟಿಗೆ. ಒಂದು ಹಗಲು ಒಂದು ರಾತ್ರಿ ನಡೆದರೆ 12 ಟನ್ ದಾಟುತ್ತದೆ! ಅದನ್ನು ಕಡಿಯಬೇಕು, ಒಣಗಿಸಬೇಕು, ತುಂಡು ಮಾಡಬೇಕು, ಹೊರಬೇಕು. ಯಂತ್ರ ಕಟ್ಟುವುದಕ್ಕಿಂತ ದಿನಾಲು ಅದರ ಹೊಟ್ಟೆ ತುಂಬಿಸುವುದು ಕಠಿಣ ಎಂದು ನನಗೆ ಅನಿಸುತ್ತದೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನಾನು ಈ ವಿಷಯ ಆರಿಸಿದ್ದೇ ರವದಿಯ ಸಲುವಾಗಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಾವು ರವದಿ ಎನ್ನುತ್ತೇವೆ. ಮರಾಠಿ ಮಾತಾಡುವ ನಮ್ಮ ಪಕ್ಕದ ಮನೆಯವರು ಪಾಚಟ ಅಂತಾರೆ. ಹೆಸರು ಎರಡು, ಮಾಡುವ ಕೆಲಸ ಒಂದೇ, ಬೆಂಕಿ ಹಚ್ಚುವುದು. ಹಂಗಾಮಿನಲ್ಲಿ ಸಂಜೆಯಾದರೆ ಒಂದಿಲ್ಲೊಂದು ಹೊಲ ಉರಿಯುತ್ತಿರುತ್ತದೆ. ಒಣ ಹಾಕಿದ ಬಟ್ಟೆಯ ಮೇಲೆ ಕರಿ ಎಳೆಗಳು ಬಂದು ಬೀಳುತ್ತವೆ. ನಮ್ಮ ಆಯಿಗೆ ದಮ್ಮು ಇದೆ. ಹೋದ ಫೆಬ್ರುವರಿಯಲ್ಲಿ ಮೂರು ರಾತ್ರಿ ಗೋಡೆಗೆ ಆತು ಕುಂತೇ ಬೆಳಗು ಮಾಡಿದಳು. ನಾಲ್ಕನೇ ದಿನ ಬೆಳಗಾವಿಯ ದವಾಖಾನೆಗೆ ಒಯ್ಯಬೇಕಾಯಿತು. ಆ ವಾರ ಉರಿದ ಹೊಲಗಳಲ್ಲಿ ನಮ್ಮದೂ ಒಂದು.

ಅಪ್ಪನಿಗೆ ಕೇಳಿದೆ. "ಸುಡದ ಏನ್ ಮಾಡ್ಲೆವಾ? ಕೂಳಿ ಕಬ್ಬಿಗೆ ನೀರ ಬಿಡಬೇಕು. ರವದಿ ಆರಿಸಾಕ ಆಳ ಹಚ್ಚಿದ್ರ ಪಗಾರ ಯಾರ ಕೊಡ್ತಾರ? ಕಡ್ಡಿ ಪೆಟಿಗಿಗೆ ಎರಡ ರೂಪಾಯಿ" ಎಂದರು. ಅವರ ಮಾತೂ ಸುಳ್ಳಲ್ಲ.

ಅದಕ್ಕೆ ನಾನು ಲೆಕ್ಕ ಮಾಡಿದೆ. ನಮ್ಮ ಹೊಲದಲ್ಲಿ ಎಕರೆಗೆ ಸುಮಾರು 40 ಟನ್ ಕಬ್ಬು ಬರುತ್ತದೆ. 100 ಕಿಲೋ ಕಬ್ಬಿಗೆ 10 ಕಿಲೋ ರವದಿ ಹಿಡಿದರೆ ಎಕರೆಗೆ 4 ಟನ್. ಒಂದು ಯೂನಿಟಿಗೆ ಒಂದೂವರೆ ಕಿಲೋ ಬೇಕು ಎಂದುಕೊಂಡರೂ 2,600 ಯೂನಿಟ್ ದಾಟುತ್ತದೆ. ನಮ್ಮ ಮನೆಗೆ ತಿಂಗಳಿಗೆ 60 ಯೂನಿಟ್ ಆಗುತ್ತದೆ, ವರ್ಷಕ್ಕೆ 720. ಅಂದರೆ ಒಂದು ಎಕರೆಯ ರವದಿಯಲ್ಲಿ ಮೂರು ಮನೆಯ ಒಂದು ವರ್ಷದ ಕರೆಂಟು ಇದೆ, ಮತ್ತು ಸ್ವಲ್ಪ ಉಳಿಯುತ್ತದೆ. ಅದನ್ನು ನಾವು ಒಂದು ತಾಸಿನಲ್ಲಿ ಸುಟ್ಟು ಆಯಿಯ ಎದೆಗೆ ಕಳಿಸುತ್ತೇವೆ.

ಆದರೆ ಕಾಗದದ ಲೆಕ್ಕ ಹೊಲದಲ್ಲಿ ನಡೆಯುವುದು ಸುಲಭ ಅಲ್ಲ. ಒಂದು ಗೋಣಿಚೀಲದಲ್ಲಿ ಕಟ್ಟಿಗೆ ತುಂಡು ತುಂಬಿ ಅಂಗಡಿಯ ಕಾಟಾದ ಮೇಲೆ ಇಟ್ಟೆ, 27 ಕಿಲೋ. ಅದೇ ಚೀಲದಲ್ಲಿ ರವದಿ ತುಳಿದು ತುಳಿದು ತುಂಬಿದೆ, 5 ಕಿಲೋ ಕೂಡ ಆಗಲಿಲ್ಲ. ಇಷ್ಟು ಹಗುರ ಇದ್ದರೆ ಚಕ್ಕಡಿ ತುಂಬಿದರೂ ತೂಕ ಇಲ್ಲ. ಗ್ಯಾಸಿಫೈಯರಿನ ಒಳಗೂ ಎಲೆ ಕೆಳಗೆ ಜಾರದೆ ನಡುವೆ ಸಿಕ್ಕಿಕೊಳ್ಳುತ್ತದೆ, ಹಾಸಿನಲ್ಲಿ ಬಿಲ ಬೀಳುತ್ತದೆ, ಅನಿಲ ಕೆಡುತ್ತದೆ. ಕಟ್ಟಿಗೆಗೆ ಮಾಡಿದ ಯಂತ್ರಕ್ಕೆ ರವದಿ ಹಾಕಿದರೆ ನಡೆಯುವುದಿಲ್ಲ. ಒಂದೋ ಅದನ್ನು ಒತ್ತಿ ಇಟ್ಟಿಗೆಯಂಥ ಗಟ್ಟಿ ಮಾಡಬೇಕು, ಇಲ್ಲವೇ ರವದಿಗೇ ಬೇರೆ ಯಂತ್ರ ಬೇಕು.

ಅಂಥ ಯಂತ್ರವನ್ನೂ ಮಾಡಿದ್ದಾರೆ, ಬಹಳ ದೂರವೇನಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಫಲಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಅನಿಲ್ ರಾಜವಂಶಿ ಮತ್ತು ಅವರ ಜೊತೆಯವರು ಕತ್ತರಿಸಿದ ರವದಿ ಮತ್ತು ಕಬ್ಬಿನ ಸಿಪ್ಪೆಯನ್ನು ಹಾಗೆಯೇ ಹಾಕಬಹುದಾದ ಗ್ಯಾಸಿಫೈಯರ್ ಮಾಡಿ 1997ರಲ್ಲಿ ಅದರ ವಿವರ ಪ್ರಕಟಿಸಿದರು. ಅವರು ಅದನ್ನು ಕರೆಂಟಿಗಿಂತ ಶಾಖಕ್ಕೆ, ಭಟ್ಟಿಗೆ ಬಳಸಿದರು. ಇದು ಜಾಣತನ ಎಂದು ನನ್ನ ಅಭಿಪ್ರಾಯ. ಇಂಜಿನಿಗೆ ಕೊಡಬೇಕಾದರೆ ಅನಿಲವನ್ನು ತಣ್ಣಗೆ ಮಾಡಿ ಅಂಟನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಇಂಜಿನ್ ಕಟ್ಟುತ್ತದೆ. ತೊಳೆದ ನೀರು ಹೊಲಸು, ಅದನ್ನು ಹಳ್ಳಕ್ಕೆ ಬಿಟ್ಟರೆ ನಮ್ಮ ಮಲಪ್ರಭೆಗೆ ಸೇರುತ್ತದೆ. ಭಟ್ಟಿಗಾದರೆ ಬಿಸಿ ಅನಿಲವನ್ನು ನೇರ ಒಯ್ದು ಉರಿಸಬಹುದು.

ಸಕ್ಕರೆ ಕಾರ್ಖಾನೆಯಲ್ಲಿ ಸಿಪ್ಪೆಯಿಂದ ಕರೆಂಟು ಮಾಡುತ್ತಾರಲ್ಲ ಎಂದು ಕೇಳಬಹುದು. ಹೌದು, ನಮ್ಮ ಜಿಲ್ಲೆಯಲ್ಲಿ ಅಂಥ ಕಾರ್ಖಾನೆಗಳು ಬಹಳ. ಅಲ್ಲಿ ಸಿಪ್ಪೆಯನ್ನು ಪೂರ್ತಿ ಉರಿಸಿ ನೀರು ಕಾಯಿಸಿ ಉಗಿಯಿಂದ ಚಕ್ರ ತಿರುಗಿಸುತ್ತಾರೆ. ಅದು ಅನಿಲೀಕರಣ ಅಲ್ಲ, ಮತ್ತು ಸಣ್ಣ ಊರಿಗೆ ಆಗುವಂಥದ್ದೂ ಅಲ್ಲ.

ಭತ್ತದ ಹೊಟ್ಟು ಹೇಗೆ? ನಮ್ಮ ಖಾನಾಪುರ ತಾಲೂಕು ಭತ್ತದ ಸೀಮೆ. 100 ಕಿಲೋ ಭತ್ತ ಗಿರಣಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು. ಅದು ಕತ್ತರಿಸುವುದು ಬೇಡ, ಗಿರಣಿಯ ಹಿಂದೆ ಒಂದೇ ಕಡೆ ಗುಡ್ಡೆಯಾಗಿ ಸಿಗುತ್ತದೆ. ಬಿಹಾರದ ಪಶ್ಚಿಮ ಚಂಪಾರಣ ಜಿಲ್ಲೆಯ ತಮಕುಹಾ ಎಂಬ ಹಳ್ಳಿಯಲ್ಲಿ 2007ರಲ್ಲಿ ಹೊಟ್ಟಿನ ಗ್ಯಾಸಿನಿಂದ ಮನೆಗಳಿಗೆ ದೀಪ ಹಚ್ಚಿದರು. ಆದರೆ ಹೊಟ್ಟಿನಲ್ಲಿ ಬೂದಿ ಬಹಳ. ಕಟ್ಟಿಗೆಯಲ್ಲಿ ನೂರಕ್ಕೆ ಒಂದರಷ್ಟು ಬೂದಿಯಾದರೆ ಹೊಟ್ಟಿನಲ್ಲಿ ಹದಿನೈದು ಇಪ್ಪತ್ತು. ಅದರಲ್ಲಿ ಹೆಚ್ಚಿನದು ಸಿಲಿಕಾ, ಅಂದರೆ ಮರಳಿನ ಜಾತಿ. ಶಾಖ ಹೆಚ್ಚಾದರೆ ಬೂದಿ ಕರಗಿ ಗಟ್ಟಿ ಹೆಂಟೆಯಾಗಿ ಯಂತ್ರದ ಬಾಯಿ ಕಟ್ಟುತ್ತದೆ. ಮತ್ತೊಂದು ಸಂಗತಿ, ನಮ್ಮ ಕಡೆ ಹೊಟ್ಟು ಪುಕ್ಕಟೆ ಅಲ್ಲ. ಇಟ್ಟಿಗೆ ಭಟ್ಟಿಯವರು, ಚುರಮುರಿ ಭಟ್ಟಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಯಾರಿಗೋ ಬೇಕಾದದ್ದನ್ನು ಕಸ ಎಂದು ಬರೆಯಲು ನನಗೆ ಮನಸ್ಸಿಲ್ಲ.

ಭತ್ತದ ಹುಲ್ಲಂತೂ ಯಂತ್ರಕ್ಕೆ ಹಾಕುವುದೇ ಬೇಡ. ಅದು ನಮ್ಮ ಎಮ್ಮೆಯದು. ಬಣವಿ ಖಾಲಿಯಾದರೆ ಮೇ ತಿಂಗಳಲ್ಲಿ ಕರೆಂಟು ಕರೆದು ಹಾಲು ಹಿಂಡಲು ಬರುವುದಿಲ್ಲ.

ಮಳೆಯ ಮಾತೂ ಇದೆ. ಯಂತ್ರಕ್ಕೆ ಹಾಕುವ ವಸ್ತುವಿನಲ್ಲಿ ನೀರು ನೂರಕ್ಕೆ 15ರಿಂದ 20ರೊಳಗೆ ಇರಬೇಕು. ಕಣಕುಂಬಿ, ಜಾಂಬೋಟಿ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಅಲ್ಲಿ ನಮ್ಮ ಸ್ಕೂಲ್ ಡ್ರೆಸ್ಸೇ ಒಣಗುವುದಿಲ್ಲ, ರವದಿ ಹೇಗೆ ಒಣಗೀತು? ಶೆಡ್ಡು ಕಟ್ಟಬೇಕು, ಅದಕ್ಕೂ ಖರ್ಚು.

ಎಲ್ಲ ಸೇರಿಸಿ ನೋಡಿದರೆ ಒಬ್ಬ ರೈತನ ಮನೆಗೆ ಒಂದು ಗ್ಯಾಸಿಫೈಯರ್ ಆಗದ ಮಾತು. ಹಿಟ್ಟಿನ ಗಿರಣಿ, ಬೆಲ್ಲದ ಗಾಣ, ಭಟ್ಟಿ, ಹೀಗೆ ದಿನಾಲು ಶಾಖ ಬೇಕಾದ ಕಡೆ, ಕಬ್ಬಿನ ಹೊಲದ ಹತ್ತಿರವೇ ಇದ್ದರೆ ಆದೀತು. ಗಾಣಕ್ಕೆ ಹಂಗಾಮೂ ಕೂಡುತ್ತದೆ, ರವದಿ ಸಿಗುವ ದಿನವೇ ಬೆಲ್ಲ ಮಾಡುವ ದಿನ, ಆಗ ಮಳೆಯೂ ಇರುವುದಿಲ್ಲ.

ಅಲ್ಲಿಯ ತನಕ ಸುಡುವುದೇ ಏನು? ಅಪ್ಪನ ಜೊತೆ ಎಂಟು ದಿನ ವಾದ ಮಾಡಿದೆ. ರವದಿಯನ್ನು ಸಾಲಿನ ನಡುವೆ ಹಾಗೇ ಹಾಸಿ ಬಿಟ್ಟರೆ ಕಸ ಕಡಿಮೆ ಏಳುತ್ತದೆ, ನೀರು ಬೇಗ ಆರುವುದಿಲ್ಲ, ಕೊಳೆತು ಗೊಬ್ಬರ ಆಗುತ್ತದೆ. ಸುಟ್ಟರೆ ಅದರಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗುತ್ತದೆ, ಆಮೇಲೆ ಅದನ್ನೇ ನಾವು ಯೂರಿಯಾ ಚೀಲದಲ್ಲಿ ಕೊಂಡು ತರುತ್ತೇವೆ. ಯೂರಿಯಾದ ಮಾತು ಬಂದಾಗ ಅಪ್ಪ ಸುಮ್ಮನಾದರು. ಈ ವರ್ಷ ಆರು ಸಾಲು ಸುಡದೆ ಬಿಟ್ಟಿದ್ದಾರೆ. ಉಳಿದದ್ದನ್ನು ಸುಟ್ಟರು, ಆದರೆ ಗಾಳಿ ಊರಿನ ಕಡೆ ಬೀಸದ ದಿನ ನೋಡಿ, ಆಯಿಯನ್ನು ಮೊದಲೇ ಅತ್ತೆಯ ಊರಿಗೆ ಕಳಿಸಿ. ಆ ಆರು ಸಾಲಿನಲ್ಲಿ ಪ್ರತಿ ಭಾನುವಾರ ಗೇಣುದ್ದ ಅಗೆದು ಹಸಿ ಎಷ್ಟಿದೆ ಎಂದು ನೋಡಿ ಬರೆದಿಡುತ್ತಿದ್ದೇನೆ. ಇಲ್ಲಿಯವರೆಗೆ ಒಂಬತ್ತು ಭಾನುವಾರ ಆಗಿವೆ. ಏಳು ಸಲ ಸುಡದ ಸಾಲಿನ ಮಣ್ಣು ಹೆಚ್ಚು ಹಸಿ ಇತ್ತು, ಎರಡು ಸಲ ಫರಕ ಕಾಣಲಿಲ್ಲ.

ನಮ್ಮೂರ ಗಾಣದ ಕಾಕಾನಿಗೂ ಫಲಟಣದ ಯಂತ್ರದ ವಿಷಯ ಹೇಳಿದೆ. ನಗಲಿಲ್ಲ. ಎಲೆ ಅಡಕೆಯ ಸಂಚಿ ಮಡಚಿ ಇಟ್ಟು, "ರವದಿ ಕತ್ತರಸಾಕ ಮಷೀನ ಬೇಕಲ್ಲವಾ, ಅದಕ್ಕ ಕರೆಂಟ್ ಎಷ್ಟ ತಿಂತೈತಿ?" ಎಂದು ಕೇಳಿದರು. ಅಣ್ಣನಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಅಂಟಿಸುತ್ತೇನೆ.